‘ಶುಭಂ’ ಬರೋದು ಗೊತ್ತಿದ್ದೂ ಯಾಕೆ ಕೂತಿರುತ್ತೇವೆ?

ಪ್ರಶ್ನೆ: ನಾನು ಸಿನಿಮಾ ತುಂಬಾ ನೋಡುತ್ತೇನೆ. ಆದರೆ ಈಚೆಗೆ ಅರ್ಧ ಮುಗಿಯುವಷ್ಟರಲ್ಲೇ ಕೊನೆಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಜಗಳವಾಡಿದ ಜೋಡಿ ಒಂದಾಗುತ್ತದೆ, ಸೋತ ತಂಡ ಗೆಲ್ಲುತ್ತದೆ, ಆಸ್ಪತ್ರೆಯಲ್ಲಿರುವ ಅಪ್ಪ ಕಣ್ಣು ಬಿಡುತ್ತಾನೆ. ತಂಗಿ ಜೊತೆ ಪಂದ್ಯ ಕಟ್ಟಿದರೆ ಹತ್ತಕ್ಕೆ ಒಂಬತ್ತು ಸಲ ನನ್ನದೇ ಗೆಲುವು. ಅವಳಿಗೆ ಸಿಟ್ಟು, ನನಗೆ ಬೇಜಾರು. ಸಿನಿಮಾ ಮಾಡುವವರಿಗೆ ಬೇರೆ ಕೊನೆ ಹೊಳೆಯೋದೇ ಇಲ್ವಾ? ಅಳು ಬರುವ ಕೊನೆಯನ್ನು ಜನ ಒಪ್ಪುವುದಿಲ್ಲ ಅನ್ನುವುದು ನಿಜವಾ? ಕೊನೆ ಗೊತ್ತಾದ ಮೇಲೂ ಕೂತು ನೋಡಿದರೆ ಏನು ಸಿಗುತ್ತದೆ?

ಉತ್ತರ: ಮೊದಲು ನಿಮ್ಮ ಪಂದ್ಯದ ವಿಷಯ. ಸ್ವಲ್ಪ ನಿರಾಸೆ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡೇವಿಡ್ ಬೋರ್ಡ್‌ವೆಲ್ ಅಂತ ಸಿನಿಮಾ ವಿದ್ವಾಂಸರೊಬ್ಬರಿದ್ದರು. ಹಾಲಿವುಡ್‌ನ ಹಳೇ ಕಾಲದ ನೂರು ಚಿತ್ರಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ನೋಡಿದಾಗ ಅರವತ್ತಕ್ಕೂ ಹೆಚ್ಚು ಚಿತ್ರಗಳು ಜೋಡಿ ಒಂದಾಗುವಲ್ಲೇ ಮುಗಿದಿದ್ದವು ಅಂತ 1985ರ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಅಂದರೆ ಆ ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ‘ಒಂದಾಗ್ತಾರೆ’ ಅಂದಿದ್ದರೂ ಹತ್ತಕ್ಕೆ ಆರು ಸಲ ಪಂದ್ಯ ನಿಮ್ಮದೇ. ನಿಮ್ಮ ಒಂಬತ್ತರಲ್ಲಿ ನಿಮ್ಮ ಸ್ವಂತ ಜಾಣತನ ಮೂರೇ ಮೂರು.

ಆದರೆ ಆ ಮೂರು ಎಲ್ಲಿಂದ ಬಂತು ಅನ್ನುವುದು ಮಜವಾದ ವಿಷಯ. ನಾನು ಇಪ್ಪತ್ತು ವರ್ಷದಿಂದ ಚಿತ್ರಕಥೆ ಬರೆಯುತ್ತಿದ್ದೇನೆ. ಬರೆದದ್ದು ಎಡಿಟಿಂಗ್ ರೂಮಿನಲ್ಲಿ ಹೇಗೆ ಕತ್ತರಿಸಿಹೋಗುತ್ತದೆ ಅಂತ ಅಲ್ಲೇ ಕೂತು ನೋಡಿದ್ದೇನೆ. ನಿಮಗೆ ಕೊನೆಯನ್ನು ಹೇಳಿಕೊಡುವವರು ನಾವೇ. ಗೊತ್ತಿಲ್ಲದೆ ಹೇಳಿಬಿಡುತ್ತೇವೆ. ಇನ್ನೂ ಅರ್ಧ ಗಂಟೆ ಇದೆ, ಈಗಲೇ ಜೋಡಿ ಬೇರೆಯಾಯಿತು ಅಂದರೆ ಆ ಅರ್ಧ ಗಂಟೆ ಯಾತಕ್ಕೆ ಅಂತ ನಿಮ್ಮ ತಲೆ ತಾನಾಗಿ ಲೆಕ್ಕ ಹಾಕುತ್ತದೆ. ದೊಡ್ಡ ನಟನನ್ನು ಹಾಕಿಕೊಂಡು ಅವನನ್ನು ಮೂಲೆಯಲ್ಲಿ ನಿಲ್ಲಿಸುವುದಿಲ್ಲ ಅಂತಲೂ ನಿಮಗೆ ಗೊತ್ತು. ಮೊದಲ ಹತ್ತು ನಿಮಿಷದಲ್ಲಿ ಹುಡುಗನಿಗೆ ಈಜು ಬರಲ್ಲ ಅಂತ ತೋರಿಸಿದರೆ ಕೊನೆಯ ಹತ್ತು ನಿಮಿಷದಲ್ಲಿ ಅವನು ನೀರಿಗೆ ಬೀಳಲೇಬೇಕು, ಈಜಿ ಬರಲೇಬೇಕು. ಇದು ಊರಿಗೆಲ್ಲ ಗೊತ್ತಿರುವ ಗುಟ್ಟು. ಎಲ್ಲಕ್ಕಿಂತ ದೊಡ್ಡ ಚಾಡಿಕೋರ ಹಿನ್ನೆಲೆ ಸಂಗೀತ. ಅಪ್ಪ ಕಣ್ಣು ಬಿಡುವುದಕ್ಕೆ ಎರಡು ಸೆಕೆಂಡ್ ಮೊದಲೇ ಪಿಟೀಲು ಎದ್ದು ನಿಂತಿರುತ್ತದೆ.

ಇನ್ನೊಂದು ಸುಳಿವಿದೆ. ಅದು ಕಾಣುವುದೇ ಇಲ್ಲ, ಯಾಕೆಂದರೆ ಅದು ನಾವು ತೋರಿಸದೇ ಬಿಟ್ಟ ಶಾಟ್. ಇದನ್ನು ನಾನು ಪಾಠದ ಪುಸ್ತಕದಿಂದ ಕಲಿತಿದ್ದಲ್ಲ, ಪೆಟ್ಟು ತಿಂದು ಕಲಿತಿದ್ದು.

ನಾನು ಬರೆದ ಒಂದು ಚಿತ್ರದ ಕ್ಲೈಮ್ಯಾಕ್ಸ್ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ. ಹುಡುಗಿ ಊರು ಬಿಟ್ಟು ಹೊರಟಿದ್ದಾಳೆ. ಹುಡುಗ ಓಡಿ ಬರುತ್ತಾನೆ. ರೈಲು ಹೊರಟುಬಿಡುತ್ತದೆ. ಕೊನೆಯ ಬೋಗಿಯೂ ದಾಟುತ್ತದೆ. ಅವನು ಸೋತು ತಿರುಗಿದರೆ ಅವಳು ಬೆಂಚಿನ ಮೇಲೆ ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾಳೆ. ಬರೆದಾಗ ನನಗೇ ಕಣ್ಣು ತುಂಬಿ ಬಂದಿತ್ತು. ಬಿಡುಗಡೆಗೆ ಮೊದಲು ಮೂವತ್ತು ಜನರನ್ನು ಕರೆದು ತೋರಿಸಿದೆವು. ರೈಲು ಇನ್ನೂ ಅಲುಗಾಡಿಲ್ಲ, ಮೂರನೇ ಸಾಲಿನ ಹುಡುಗನೊಬ್ಬ ಪಕ್ಕದವನಿಗೆ ಕೇಳುವ ಹಾಗೆ ಹೇಳಿದ: “ಹಿಂದೆ ಕೂತಿರ್ತಾಳೆ ನೋಡು.” ಅಲ್ಲಿಗೆ ನನ್ನ ಕ್ಲೈಮ್ಯಾಕ್ಸ್ ಮುಗಿಯಿತು. ನಾಲ್ಕೈದು ಜನ ನಕ್ಕರು ಬೇರೆ.

ಆಚೆ ಬಂದಾಗ ಎಡಿಟರ್ ಮೇಡಂ ಒಂದೇ ಮಾತು ಹೇಳಿದರು: “ಅವಳು ರೈಲು ಹತ್ತಿದ್ದನ್ನ ನಾವು ತೋರಿಸೇ ಇಲ್ವಲ್ಲ. ಜನ ದಡ್ಡರಾ?” ಸರಿಯಾಗೇ ಇತ್ತು. ಹತ್ತಿದ್ದನ್ನು ತೋರಿಸಿದರೆ ಆಮೇಲೆ ಬೆಂಚಿನ ಮೇಲೆ ಕೂರಿಸಲು ಆಗುವುದಿಲ್ಲ ಅಂತ ನಾವು ಜಾಣರ ಹಾಗೆ ಬಿಟ್ಟಿದ್ದೆವು. ಬಿಟ್ಟಿದ್ದೇ ಡಂಗುರ ಸಾರಿದ ಹಾಗೆ ಆಗಿತ್ತು.

ಎರಡು ದಿನ ತಲೆ ಕೆಡಿಸಿಕೊಂಡು, ನಿರ್ಮಾಪಕರ ಕೈಕಾಲು ಹಿಡಿದು, ಅರ್ಧ ದಿನ ಮತ್ತೆ ಶೂಟಿಂಗ್ ಮಾಡಿದೆವು. ಈಗ ಹುಡುಗಿ ರೈಲು ಹತ್ತುತ್ತಾಳೆ. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳುತ್ತಾಳೆ. ಕಿಟಕಿ ಪಕ್ಕ ಕೂರುತ್ತಾಳೆ. ಇಷ್ಟೂ ಸೇರಿ ಐದಾರು ಸೆಕೆಂಡ್. ಆ ಸೂಟ್‌ಕೇಸಿನಲ್ಲಿ ಅವಳ ತೀರಿಹೋದ ಅಮ್ಮನ ಪತ್ರಗಳಿವೆ ಅಂತ ಮೊದಲೇ ಒಂದು ದೃಶ್ಯದಲ್ಲಿ ಬಂದುಹೋಗಿದೆ. ರೈಲು ಹೊರಡುತ್ತದೆ, ಪ್ಲಾಟ್‌ಫಾರ್ಮ್ ಖಾಲಿಯಾಗುತ್ತದೆ. ಹುಡುಗ ಬೆಂಚಿನ ಮೇಲೆ ಕುಸಿಯುತ್ತಾನೆ. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅವಳು ನಡೆದು ಬರುತ್ತಾಳೆ. ಹತ್ತಿರ ಬಂದ ಮೇಲೆ ನೋಡಿದರೆ ಎರಡೂ ಕೈ ಖಾಲಿ. ರೈಲು ಚಲಿಸಲು ಶುರುವಾದ ಮೇಲೆ ಇಳಿದಿದ್ದಾಳೆ, ಸೂಟ್‌ಕೇಸ್ ಎಳೆದುಕೊಳ್ಳಲು ಪುರುಸೊತ್ತಾಗಿಲ್ಲ. ಪತ್ರಗಳು ರೈಲಿನ ಜೊತೆ ಹೋದವು.

ಕೊನೆ ಬದಲಾಗಲಿಲ್ಲ, ನೋಡಿ. ಜೋಡಿ ಒಂದಾಯಿತು, ನಿಮ್ಮ ಪಂದ್ಯವನ್ನು ಇಲ್ಲೂ ಗೆಲ್ಲುತ್ತಿದ್ದಿರಿ. ಆದರೆ ಎರಡನೇ ಸಲ ಬೇರೆ ಮೂವತ್ತು ಜನಕ್ಕೆ ತೋರಿಸಿದಾಗ ಯಾರೂ ನಗಲಿಲ್ಲ. ದೀಪ ಹತ್ತಿದ ಮೇಲೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದು, “ಆ ಸೂಟ್‌ಕೇಸ್ ಆಮೇಲೆ ಸಿಕ್ತಾ ಸರ್?” ಅಂತ ಕೇಳಿದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಮುಕ್ಕಾಲು ಪಾಲು ಈ ಸೂಟ್‌ಕೇಸಿನಲ್ಲೇ ಇದೆ. ನಿಮಗೆ ಬೇಜಾರು ತರಿಸುತ್ತಿರುವುದು ‘ಒಂದಾದರು’ ಅನ್ನುವ ಸುದ್ದಿಯಲ್ಲ. ಒಂದಾಗಲು ಯಾರೂ ಏನನ್ನೂ ಕಳೆದುಕೊಳ್ಳದೇ ಇರುವುದು. ಬಿಟ್ಟಿ ಸಿಕ್ಕಿದ ಸುಖ ನೋಡುವವರ ಮೈಗೆ ಹತ್ತುವುದಿಲ್ಲ.

ಇನ್ನು ‘ಬೇರೆ ಕೊನೆ ಹೊಳೆಯೋದೇ ಇಲ್ವಾ’ ಅಂದಿರಿ. ಹೊಳೆಯುತ್ತದೆ ಸ್ವಾಮಿ, ಬರೆದೂ ಇರುತ್ತೇವೆ, ಎಷ್ಟೋ ಸಲ ಶೂಟಿಂಗೂ ಆಗಿರುತ್ತದೆ. 1987ರ ‘ಫೇಟಲ್ ಅಟ್ರ್ಯಾಕ್ಷನ್’ ಗೊತ್ತಿರಬಹುದು. ಮದುವೆಯಾದ ಗಂಡಸೊಬ್ಬ ಇನ್ನೊಬ್ಬಳ ಸಹವಾಸ ಮಾಡುತ್ತಾನೆ, ಅವಳು ಬೆನ್ನು ಬಿಡುವುದಿಲ್ಲ. ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಅವಳು ತಾನೇ ಕತ್ತು ಕೊಯ್ದುಕೊಳ್ಳುತ್ತಾಳೆ. ಚಾಕುವಿನ ಮೇಲೆ ಅವನ ಬೆರಳಚ್ಚು ಇರುತ್ತದೆ, ಪೊಲೀಸರು ಅವನನ್ನು ಹಿಡಿದುಕೊಂಡು ಹೋಗುತ್ತಾರೆ. ಪರೀಕ್ಷೆಗೆ ತೋರಿಸಿದಾಗ ಜನಕ್ಕೆ ಇದು ಹಿಡಿಸಲಿಲ್ಲ. ಅವಳಿಗೆ ಯಾರಾದರೂ ಸರಿಯಾಗಿ ಬುದ್ಧಿ ಕಲಿಸಬೇಕು ಅನ್ನುವ ಸಿಟ್ಟು ಅವರಿಗೆ. ಪಾತ್ರ ಮಾಡಿದ ಗ್ಲೆನ್ ಕ್ಲೋಸ್ ಬದಲಾವಣೆಗೆ ಒಪ್ಪದೆ ಜಗಳವಾಡಿದರು, ಕೊನೆಗೆ ಮನಸ್ಸಿಲ್ಲದೆ ನಟಿಸಿದರು. ಹೊಸ ಕೊನೆಯಲ್ಲಿ ಹೆಂಡತಿಯೇ ಅವಳನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಕಟ್ಟಕಡೆಯ ಶಾಟ್ ಏನು ಗೊತ್ತಾ? ಗಂಡ, ಹೆಂಡತಿ, ಮಗು ನಗುತ್ತಿರುವ ಫ್ರೇಮ್ ಹಾಕಿದ ಫೋಟೊ. ಸಿನಿಮಾ ದೊಡ್ಡ ಹಿಟ್. ನನಗೆ ಮಾತ್ರ ಆ ಫೋಟೊ ನೋಡಿದಾಗಲೆಲ್ಲ ಕಸಿವಿಸಿ. ತಪ್ಪು ಮಾಡಿದವನೇ ಫೋಟೊದಲ್ಲಿ ಹಾಯಾಗಿ ನಗುತ್ತಿದ್ದಾನಲ್ಲ!

1982ರ ‘ಬ್ಲೇಡ್ ರನ್ನರ್’ ಕಥೆ ಇದಕ್ಕಿಂತ ತಮಾಷೆ. ಚಿತ್ರವೆಲ್ಲ ಮಳೆ, ಕತ್ತಲೆ. ಪರೀಕ್ಷೆಗೆ ತೋರಿಸಿದಾಗ ಜನಕ್ಕೆ ಸರಿಹೋಗಲಿಲ್ಲ ಅಂತ ಕೊನೆಗೆ ಜೋಡಿ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಹಾಗೆ ಅಂಟಿಸಿದರು. ಆ ಬೆಟ್ಟದ ಶಾಟ್‌ಗಳು ಎಲ್ಲಿಂದ ಬಂದವು? ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ‘ದಿ ಶೈನಿಂಗ್’ ಚಿತ್ರಕ್ಕೆ ಹೆಲಿಕಾಪ್ಟರಿನಿಂದ ತೆಗೆಸಿ ಉಳಿಸಿದ್ದ ಫಿಲ್ಮು! ಹೆದರಿಸುವ ಸಿನಿಮಾದಲ್ಲಿ ಮಿಕ್ಕಿದ್ದನ್ನು ತಂದು ಸುಖಾಂತ್ಯ ಮಾಡಿದರು. 1992ರಲ್ಲಿ ಹೊಸದಾಗಿ ಬಿಡುಗಡೆ ಮಾಡಿದಾಗ ಆ ತುಂಡನ್ನು ಕಿತ್ತು ಹಾಕಿದ್ದಾರೆ.

ಇದು ಸಿನಿಮಾದವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. ಷೇಕ್ಸ್‌ಪಿಯರನ ಲಿಯರ್ ರಾಜನ ನಾಟಕದ ಕೊನೆಯಲ್ಲಿ ಮಗಳು ಸಾಯುತ್ತಾಳೆ, ಅಪ್ಪನೂ ಸಾಯುತ್ತಾನೆ. 1681ರಲ್ಲಿ ನಾಹುಮ್ ಟೇಟ್ ಎಂಬಾತ ಅದನ್ನು ತಿದ್ದಿ ಬರೆದ. ಅಪ್ಪ ಬದುಕಿದ, ಮಗಳಿಗೆ ಮದುವೆಯೂ ಆಯಿತು. ಸುಮಾರು ನೂರೈವತ್ತು ವರ್ಷ ರಂಗದ ಮೇಲೆ ಜನ ನೋಡಿದ್ದು ಹೆಚ್ಚಾಗಿ ಈ ತಿದ್ದಿದ ಕಥೆಯನ್ನೇ. ಇನ್ನೂ ಹಿಂದಕ್ಕೆ ಹೋದರೆ ಅರಿಸ್ಟಾಟಲ್ ಸಿಗುತ್ತಾನೆ. ಒಳ್ಳೆಯವರಿಗೆ ಒಳ್ಳೆಯದು, ಕೆಟ್ಟವರಿಗೆ ಕೆಟ್ಟದ್ದು ಆಗುವ ಕಥೆಗೆ ಕೆಲವರು ಮೊದಲ ಸ್ಥಾನ ಕೊಡುತ್ತಾರೆ, ಅದಕ್ಕೆ ಕಾರಣ ನೋಡುವವರ ದುರ್ಬಲ ಮನಸ್ಸು, ಕವಿಗಳು ಅವರಿಗೆ ಬೇಕಾದ್ದನ್ನೇ ಬರೆದುಕೊಡುತ್ತಾರೆ ಅಂತ ಗೊಣಗಿದ್ದಾನೆ. ನಿಮ್ಮ ಪ್ರಶ್ನೆಗೆ ಎರಡು ಸಾವಿರದ ಮುನ್ನೂರು ವರ್ಷ ವಯಸ್ಸು.

ಸುಖಾಂತ್ಯ ಅಂಟಿಸಿದ್ದನ್ನು ಮುಚ್ಚಿಡದೆ ಒಪ್ಪಿಕೊಂಡ ಚಿತ್ರವೂ ಒಂದಿದೆ. ನನಗೆ ತುಂಬಾ ಇಷ್ಟ. 1924ರಲ್ಲಿ ಎಫ್. ಡಬ್ಲ್ಯೂ. ಮುರ್ನಾವ್ ಮಾಡಿದ ಮೂಕಿ ಚಿತ್ರ ‘ದಿ ಲಾಸ್ಟ್ ಲಾಫ್’. ದೊಡ್ಡ ಹೋಟೆಲಿನ ಬಾಗಿಲಲ್ಲಿ ಠೀವಿಯಿಂದ ನಿಲ್ಲುತ್ತಿದ್ದ ಮುದುಕನಿಗೆ ವಯಸ್ಸಾಯಿತು ಅಂತ ಸಮವಸ್ತ್ರ ಬಿಚ್ಚಿಸಿ ಶೌಚಾಲಯ ನೋಡಿಕೊಳ್ಳುವ ಕೆಲಸಕ್ಕೆ ಹಾಕುತ್ತಾರೆ. ಮುದುಕ ಅಲ್ಲೇ ಕತ್ತಲಲ್ಲಿ ಕುಸಿದು ಕೂರುತ್ತಾನೆ. ಕಥೆ ಮುಗಿಯಬೇಕು. ಆಗ ತೆರೆಯ ಮೇಲೆ ಬರಹ ಬರುತ್ತದೆ. ನಿಜ ಜೀವನದಲ್ಲಾದರೆ ಇವನ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಆದರೆ ಬರೆದವನಿಗೆ ಇವನ ಮೇಲೆ ಕನಿಕರ ಬಂದು ನಂಬಲಾಗದ ಒಂದು ಕೊನೆ ಕೊಟ್ಟಿದ್ದಾನೆ ಅನ್ನುವ ಅರ್ಥದ ಮಾತು. ನೋಡಿದರೆ ಮುದುಕನಿಗೆ ಕೋಟ್ಯಧಿಪತಿಯೊಬ್ಬನ ಆಸ್ತಿ ಬಂದಿದೆ, ಅದೇ ಹೋಟೆಲಿನಲ್ಲಿ ಕೂತು ಗಡದ್ದಾಗಿ ಊಟ ಹೊಡೆಯುತ್ತಿದ್ದಾನೆ. ನಗು ಬರುತ್ತದೆ, ಗಂಟಲೂ ಕಟ್ಟುತ್ತದೆ. ಇದು ಸುಳ್ಳು ಅಂತ ಹೇಳಿಯೇ ಕೊಟ್ಟಿದ್ದಾರಲ್ಲ.

‘ಜನ ಅಳುವ ಕೊನೆ ಒಪ್ಪಲ್ಲ’ ಅನ್ನುವ ಮಾತಿಗೆ ಬರುತ್ತೇನೆ. ಕಥಾ ಚರ್ಚೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತಿದು. ನಾನು ಪೂರ್ತಿ ಒಪ್ಪುವುದಿಲ್ಲ. 1910ರ ದಶಕದಲ್ಲಿ ಡೆನ್ಮಾರ್ಕಿನ ಚಿತ್ರ ಕಂಪನಿಗಳು ಒಂದೇ ಚಿತ್ರಕ್ಕೆ ಎರಡು ಕೊನೆ ತೆಗೆಯುತ್ತಿದ್ದುದುಂಟು. ಬೇರೆ ದೇಶಗಳಿಗೆ ಸುಖದ್ದು, ರಷ್ಯಾಕ್ಕೆ ದುಃಖದ್ದು. ರಷ್ಯಾದ ಪ್ರೇಕ್ಷಕರಿಗೆ ನಾಯಕ ಸತ್ತರೇನೇ ಸಮಾಧಾನ ಅನ್ನುವ ಲೆಕ್ಕ. ಅಂದರೆ ಜನಕ್ಕೆ ಸುಖವೇ ಬೇಕು ಅನ್ನುವುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ, ಅಭ್ಯಾಸ. 1942ರ ‘ಕಾಸಾಬ್ಲಾಂಕಾ’ದಲ್ಲಿ ನಾಯಕ ಪ್ರೀತಿಸಿದವಳನ್ನು ಅವಳ ಗಂಡನ ಜೊತೆ ವಿಮಾನ ಹತ್ತಿಸಿ ಕಳಿಸುತ್ತಾನೆ. ಜನ ಇಂದಿಗೂ ನೋಡುತ್ತಾರೆ. ಇಷ್ಟು ದೂರ ಯಾಕೆ, ‘ಮುಂಗಾರು ಮಳೆ’ಯಲ್ಲಿ ಹುಡುಗಿ ಅವನಿಗೆ ಸಿಕ್ಕಳಾ? ಸಿಗಲಿಲ್ಲ. ಜನ ಬೇಡ ಅಂದರಾ? ಜನಕ್ಕೆ ಆಗಿಬರದಿರುವುದು ದುಃಖವಲ್ಲ, ಮೋಸ. ಎರಡು ಗಂಟೆ ಒಂದು ಆಸೆ ತೋರಿಸಿ, ಕೊನೆಯಲ್ಲಿ ಕಾರಣವಿಲ್ಲದೆ ಲಾರಿ ಹಾಯಿಸಿ ನಾಯಕನನ್ನು ಕೊಂದರೆ ಬೈಯುತ್ತಾರೆ. ಬೈಯಬೇಕು ಕೂಡ. ಅದೂ ಅಂಟಿಸಿದ ಕೊನೆಯೇ.

ನಿರ್ಮಾಪಕರ ಹೆದರಿಕೆಗೂ ಅರ್ಥವಿಲ್ಲ ಅಂತ ಹೇಳಲಾರೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಸಂಗಡಿಗರು ಒಂದು ವಿಚಿತ್ರ ಪ್ರಯೋಗ ಮಾಡಿದರು. 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಮುಳುಗಿಸಿ ಇಡಬೇಕು, ನೋಯುತ್ತದೆ. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಮೂವತ್ತರಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ತಂದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಒಟ್ಟು ನೋವು ಜಾಸ್ತಿ, ಆದರೆ ಕೊನೆ ಒಂಚೂರು ಹಿತ. ನಮ್ಮ ನೆನಪು ಹಾಗೆಯೇ, ಅತಿ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಥಿಯೇಟರಿನಿಂದ ಹೊರಗೆ ಬಂದವರು ಸ್ನೇಹಿತರಿಗೆ ಹೇಳುವುದೂ ಆ ಕೊನೆಯ ಹತ್ತು ನಿಮಿಷದ ಮನಸ್ಸಿನಿಂದಲೇ. ಕೋಟಿ ಹಾಕಿದವರು ಆ ಒಂದು ಡಿಗ್ರಿಗೆ ಆಸೆ ಪಡುವುದರಲ್ಲಿ ಆಶ್ಚರ್ಯವೇನಿದೆ?

ಕೊನೆ ಗೊತ್ತಾದ ಮೇಲೂ ನೋಡಿದರೆ ಏನು ಸಿಗುತ್ತದೆ ಅಂದಿರಿ. ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಹನ್ನೆರಡು ಸಣ್ಣ ಕಥೆ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಕೊನೆಯನ್ನು ಮೊದಲೇ ಹೇಳಿಸಿಕೊಂಡು ಓದಿದವರಿಗೆ ಕಥೆ ಒಟ್ಟಾರೆ ಜಾಸ್ತಿ ಇಷ್ಟವಾಗಿತ್ತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಉತ್ತರವೂ ಬಂದಿದೆ, ಹಾಗಾಗಿ ಇದನ್ನೇ ವೇದವಾಕ್ಯ ಅನ್ನಬೇಡಿ. ನನಗೆ ಇದಕ್ಕಿಂತ ನಮ್ಮ ಹಳೇ ನಾಟಕಶಾಸ್ತ್ರದ ಒಂದು ಪದ ಹೆಚ್ಚು ಹೇಳುತ್ತದೆ. ಅದರಲ್ಲಿ ಕಥೆಯ ಕೆಲಸಕ್ಕೆ ಐದು ಹಂತ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಕೊನೆಯದು ಫಲ ಸಿಗುವುದು. ಅದಕ್ಕೆ ಮೊದಲಿನದು ನಿಯತಾಪ್ತಿ, ಅಂದರೆ ಫಲ ಸಿಕ್ಕೇ ಸಿಗುತ್ತದೆ ಅಂತ ಖಚಿತವಾಗುವ ಹಂತ. ಅವರು ಇದನ್ನು ದೋಷ ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ, ಒಂದು ಹಂತ ಅಂತಲೇ ಹೆಸರಿಟ್ಟರು. ನೀವು ತಂಗಿಯ ಕಡೆ ತಿರುಗಿ ‘ಹೇಳಿರಲಿಲ್ವಾ’ ಅನ್ನುತ್ತೀರಲ್ಲ, ಸರಿಯಾಗಿ ಅಲ್ಲೇ ಅದು.

ಅಲ್ಲಿಂದ ಮುಂದೆ ಏನು ಮಾಡಬಹುದು ಅಂತ ನೋಡಬೇಕಾದರೆ ಕಾಳಿದಾಸನ ಶಾಕುಂತಲದ ಏಳನೇ ಅಂಕ ಓದಿ. ದುಷ್ಯಂತ ಶಕುಂತಲೆ ಒಂದಾಗುತ್ತಾರೆ ಅಂತ ನೋಡುವವರಿಗೆಲ್ಲ ಗೊತ್ತು. ಅವಸರವೇ ಇಲ್ಲ ಆ ಕವಿಗೆ. ಮೊದಲು ಒಬ್ಬ ಪುಟ್ಟ ಹುಡುಗನನ್ನು ತರುತ್ತಾನೆ, ಸಿಂಹದ ಮರಿಯ ಬಾಯಿ ತೆರೆಸಿ ಹಲ್ಲು ಎಣಿಸುತ್ತೇನೆ ಅನ್ನುವವನು. ಮರಿಯನ್ನು ಬಿಡಿಸಲು ತಾಪಸಿ ಮಣ್ಣಿನ ನವಿಲು ತಂದು ‘ಶಕುಂತಲಾವಣ್ಯ ನೋಡು’ ಅನ್ನುತ್ತಾಳೆ, ಹಕ್ಕಿಯ ಚೆಲುವು ನೋಡು ಅಂತ. ಹುಡುಗನ ಕಿವಿಗೆ ಬಿದ್ದದ್ದು ‘ಶಕುಂತಲಾ’ ಮಾತ್ರ, ಅತ್ತಿತ್ತ ನೋಡಿ ‘ಅಮ್ಮ ಎಲ್ಲಿ?’ ಅನ್ನುತ್ತಾನೆ. ರಾಜನಿಗೆ ಎದೆ ಧಸಕ್ ಅನ್ನುತ್ತದೆ. ಆದರೂ ಒಂದೇ ಹೆಸರು ಎಷ್ಟೋ ಜನಕ್ಕೆ ಇರುತ್ತದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆಮೇಲೆ ಹುಡುಗನ ಕೈಯ ರಕ್ಷೆ ಕೆಳಗೆ ಬೀಳುತ್ತದೆ, ರಾಜ ಎತ್ತಿಕೊಳ್ಳುತ್ತಾನೆ. ಮುಟ್ಟಬೇಡಿ ಅಂತ ತಾಪಸಿಯರು ಕೂಗುವಷ್ಟರಲ್ಲಿ ಎತ್ತಿ ಆಗಿದೆ. ಹುಡುಗ, ಅವನ ಅಪ್ಪ, ಅಮ್ಮ ಬಿಟ್ಟು ಬೇರೆ ಯಾರು ಎತ್ತಿದರೂ ಅದು ಹಾವಾಗಿ ಕಚ್ಚಬೇಕು. ಕಚ್ಚಲಿಲ್ಲ. ಸರಿ, ಇನ್ನೇನು, ರಾಜ ಮಗನನ್ನು ಅಪ್ಪಿಕೊಳ್ಳುತ್ತಾನೆ. ಹುಡುಗ ಏನು ಹೇಳುತ್ತಾನೆ? ‘ನನ್ನಪ್ಪ ದುಷ್ಯಂತ, ನೀನಲ್ಲ.’

ಈ ಮಾತು ಬರುವ ಹೊತ್ತಿಗೆ ಕೊನೆ ಏನು ಅನ್ನುವ ಪ್ರಶ್ನೆ ಯಾರ ತಲೆಯಲ್ಲೂ ಉಳಿದಿರುವುದಿಲ್ಲ. ರಾಜನಿಗೆ ಖುಷಿಯೂ ಅದೇ ಮಾತು, ಪೆಟ್ಟೂ ಅದೇ ಮಾತು. ಇಷ್ಟು ವರ್ಷ ಮಗ ಅಪ್ಪನನ್ನು ಕಂಡಿಲ್ಲ ಅನ್ನುವುದು ಒಂದೇ ಸಾಲಿನಲ್ಲಿ ಬಂದುಹೋಯಿತು. ನಾನು ಸೂಟ್‌ಕೇಸಿಗೆ ಅರ್ಧ ದಿನ ಶೂಟಿಂಗ್ ಮಾಡಿದೆ, ಕಾಳಿದಾಸ ಒಂದೇ ಮಾತಿನಲ್ಲಿ ಮುಗಿಸಿದ.

ಹಾಗಾಗಿ ನಾಯಕ ಗೆದ್ದ ಅಂತ ನನಗೆ ಸಿಟ್ಟು ಬರುವುದಿಲ್ಲ. ಹನ್ನೆರಡು ವರ್ಷದ ಮನಸ್ತಾಪ ಒಂದು ಭಾಷಣಕ್ಕೆ ಕರಗಿದರೆ ಸಿಟ್ಟು ಬರುತ್ತದೆ. ಕೆಟ್ಟ ಬಾಸ್ ಕಾರಣವಿಲ್ಲದೆ ಒಳ್ಳೆಯವನಾದರೆ, ಸಾಲವೆಲ್ಲ ಒಂದು ಹಾಡು ಮುಗಿಯುವಷ್ಟರಲ್ಲಿ ತೀರಿದರೆ ಎದ್ದು ಬರೋಣ ಅನಿಸುತ್ತದೆ. ಅಂಥದ್ದನ್ನು ನೀವು ಬೈಯುತ್ತಿದ್ದರೆ ನಾನೂ ನಿಮ್ಮ ಜೊತೆ ಇದ್ದೇನೆ.

ಪಂದ್ಯ ಬಿಡಬೇಡಿ. ಆದರೆ ತಂಗಿ ಜೊತೆ ಕಟ್ಟುವ ರೀತಿ ಬದಲಿಸಿ. ‘ಒಂದಾಗ್ತಾರಾ’ ಅಂತ ಕಟ್ಟಬೇಡಿ, ಅದರಲ್ಲಿ ಅವಳಿಗೆ ಅನ್ಯಾಯ. ಒಂದಾಗಲು ಯಾರು ಏನನ್ನು ಕಳೆದುಕೊಳ್ಳುತ್ತಾರೆ ಅಂತ ಅರ್ಧ ಸಿನಿಮಾದಲ್ಲಿ ಇಬ್ಬರೂ ಚೀಟಿಯಲ್ಲಿ ಬರೆದು ಮಡಚಿಟ್ಟುಕೊಳ್ಳಿ, ಮುಗಿದ ಮೇಲೆ ಬಿಚ್ಚಿ. ನಾನು ನನ್ನ ಹೆಂಡತಿಯ ಜೊತೆ ಇದನ್ನು ಆಡುತ್ತೇನೆ. ಈ ಕೆಲಸದಲ್ಲೇ ತಲೆ ನರೆತವನು ನಾನು, ಹತ್ತಕ್ಕೆ ಮೂರು ಗೆದ್ದರೆ ಹೆಚ್ಚು. ಇಬ್ಬರ ಚೀಟಿಯೂ ಖಾಲಿ ಉಳಿಯುವ ಸಿನಿಮಾಗಳೂ ಬರುತ್ತವೆ. ಅಂಥವನ್ನು ನಾವು ಪೂರ್ತಿ ನೋಡುವುದಿಲ್ಲ.

ಹಾಂ, ಆ ಸೂಟ್‌ಕೇಸ್ ವಿಷಯ. ಆ ಹೆಂಗಸಿಗೆ ಅವತ್ತು ‘ಸಿಕ್ತು’ ಅಂತ ಹೇಳಿ ಕಳಿಸಿದೆ. ಸುಳ್ಳು. ಅವರ ಮುಖ ನೋಡಿ ಬೇರೆ ಹೇಳಲು ಬಾಯಿ ಬರಲಿಲ್ಲ.